ಸಾವಿರ ಪುಟದ ವೆಬ್ ಪುಸ್ತಕಕ್ಕೆ ಇಪ್ಪತ್ತು ನಿಮಿಷದ ಪರೀಕ್ಷೆ

ವೆಬ್ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕ ಬೇರೆ, ಕೆಲಸದ ನಡುವೆ ತೆಗೆದು ನೋಡುವ ರೆಫರೆನ್ಸ್ ಪುಸ್ತಕ ಬೇರೆ. ಮೊದಲನೆಯದನ್ನು ಒಂದನೇ ಪುಟದಿಂದ ಓದಿಕೊಂಡು ಹೋಗುತ್ತೇವೆ. ಎರಡನೆಯದನ್ನು ಯಾರೂ ಹಾಗೆ ಓದುವುದಿಲ್ಲ. ಕೋಡು ಎಲ್ಲೋ ಕಚ್ಚಿಕೊಂಡು ಕೂತಾಗ ಅವಸರದಲ್ಲಿ ಪುಟ ತಿರುವುತ್ತೇವೆ, ಬೇಕಾದ್ದು ಸಿಕ್ಕರೆ ಮುಚ್ಚಿಡುತ್ತೇವೆ. ಆದರೆ ಅಂಗಡಿಯಲ್ಲಿ ನಿಂತಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ: ಎಷ್ಟು ದಪ್ಪ, ಪರಿವಿಡಿಯಲ್ಲಿ ಎಷ್ಟು ವಿಷಯ, ಬೆಲೆ ಎಷ್ಟು. ರೆಫರೆನ್ಸ್ ಪುಸ್ತಕದ ಮಟ್ಟಿಗೆ ಈ ಮೂರನ್ನೂ ನಂಬುವಂತಿಲ್ಲ.

ಏಕೆಂದರೆ ಪಟ್ಟಿ ಈಗ ಬಿಟ್ಟಿ ಸಿಗುತ್ತದೆ. ಯಾವ ಟ್ಯಾಗಿಗೆ ಯಾವ ಗುಣಗಳು, ಯಾವ ಫಂಕ್ಷನ್ನಿಗೆ ಎಷ್ಟು ಆರ್ಗ್ಯುಮೆಂಟು ಎಂಬುದನ್ನೆಲ್ಲ ಮೊಝಿಲ್ಲಾದ ಎಂಡಿಎನ್ ತಾಣ 2005ರಿಂದ ಉಚಿತವಾಗಿ ಕೊಡುತ್ತಿದೆ, ದಿನದಿನವೂ ತಿದ್ದುತ್ತಿದೆ. ಮುದ್ರಿತ ಪುಸ್ತಕ ಆ ಓಟದಲ್ಲಿ ಗೆಲ್ಲಲಾರದು. ಹಣ ಕೊಟ್ಟು ಕೊಂಡ ಪುಸ್ತಕ ಕೊಡಬೇಕಾದ್ದು ಬೇರೆ: ಬರೆದದ್ದೆಲ್ಲ ಸರಿಯಿದ್ದೂ ಕೆಲಸ ಯಾಕೆ ಆಗುತ್ತಿಲ್ಲ ಎಂಬುದರ ಉತ್ತರ. ಹಾಗಾಗಿ ಪುಸ್ತಕವನ್ನು ಅಳೆಯಲು ಒಳ್ಳೆಯ ದಾರಿ, ನಮಗೆ ಉತ್ತರ ಮೊದಲೇ ಗೊತ್ತಿರುವ ಕೆಲವು ತೊಡಕಿನ ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅದನ್ನೇ ಕೇಳುವುದು. ಗೊತ್ತಿಲ್ಲದ ವಿಷಯದ ಪುಟ ತೆಗೆದರೆ ಎಲ್ಲ ಪುಸ್ತಕವೂ ಪಂಡಿತನಂತೆಯೇ ಕಾಣುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಇಂಥ ಪುಸ್ತಕಕ್ಕೆ ಏಳೆಂಟು ಅಗುಳು ಬೇಕು, ಅದೂ ಪಾತ್ರೆಯ ಬೇರೆ ಬೇರೆ ಕಡೆಯಿಂದ. ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಚೆನ್ನಾಗಿ ಬಲ್ಲ ಲೇಖಕರು ಪುಟದ ಅಂದ ತಿದ್ದುವ ಸಿಎಸ್‌ಎಸ್ ಅಧ್ಯಾಯವನ್ನು ಕಾಟಾಚಾರಕ್ಕೆ ಬರೆದಿರುವುದುಂಟು.

ಪ್ರಶ್ನೆಗೆ ಮೊದಲು ಹಕ್ಕುಸ್ವಾಮ್ಯದ ಪುಟ. ಅಲ್ಲಿ ಎರಡು ಇಸವಿಗಳಿರುತ್ತವೆ, ಆವೃತ್ತಿಯದು ಮತ್ತು ಮುದ್ರಣದ್ದು. ಭಾರತದಲ್ಲಿ ಕಡಿಮೆ ಬೆಲೆಗೆ ಬರುವ ಮರುಮುದ್ರಣಗಳಲ್ಲಿ ಮುದ್ರಣದ ಇಸವಿಯೇ ಎದ್ದು ಕಾಣುತ್ತದೆ. 2011ರಲ್ಲಿ ಬರೆದ ಪುಸ್ತಕ 2018ರಲ್ಲಿ ಮತ್ತೆ ಅಚ್ಚಾದರೆ ಅದು 2011ರ ಪುಸ್ತಕವೇ. ಅದೇ ಪುಟದಲ್ಲಿ 10 9 8 7 6 5 4 ಎಂಬಂಥ ಅಂಕಿಸಾಲು ಇದ್ದರೆ ಅದರಲ್ಲಿನ ಅತಿ ಚಿಕ್ಕ ಅಂಕಿ ಎಷ್ಟನೆಯ ಮುದ್ರಣ ಎಂಬುದನ್ನು ಹೇಳುತ್ತದೆ, ಇಲ್ಲಿ ನಾಲ್ಕನೆಯದು. ಒಂದೇ ಆವೃತ್ತಿಯ ಎರಡು ಪ್ರತಿ ಎದುರಿಗಿದ್ದರೆ ಮುಂದಿನ ಮುದ್ರಣದ್ದನ್ನೇ ಆರಿಸಿ, ಓದುಗರು ತೋರಿಸಿಕೊಟ್ಟ ತಪ್ಪುಗಳನ್ನು ಮುದ್ರಣದಿಂದ ಮುದ್ರಣಕ್ಕೆ ತಿದ್ದಿರುವ ಸಾಧ್ಯತೆ ಹೆಚ್ಚು. ಮರುಮುದ್ರಣದಲ್ಲಿ ಇನ್ನೊಂದು ನೋಡಬೇಕು: ಮೂಲ ಬಣ್ಣದಲ್ಲಿದ್ದು ಇಲ್ಲಿ ಕಪ್ಪುಬಿಳುಪಿನಲ್ಲಿ ಅಚ್ಚಾಗಿದೆಯೇ? ಸರ್ವರ್ (ಪುಟ ಕಳಿಸಿಕೊಡುವ ದೂರದ ಕಂಪ್ಯೂಟರ್) ಬದಿಯ ಪುಸ್ತಕಕ್ಕೆ ಇದರಿಂದ ನಷ್ಟವಿಲ್ಲ. ಆದರೆ ಸಿಎಸ್‌ಎಸ್ ಪುಸ್ತಕದಲ್ಲಿ "ಕೆಂಪು ಪೆಟ್ಟಿಗೆಯು ನೀಲಿಯ ಮೇಲೆ ಬಂದಿದೆ" ಎಂದು ಬರೆದು ಕೆಳಗೆ ಎರಡು ಬೂದು ಪೆಟ್ಟಿಗೆ ತೋರಿಸಿದರೆ ಅರ್ಧ ಪುಸ್ತಕವೇ ಹೋದಂತೆ.

ಇಸವಿ ಸಿಕ್ಕ ಮೇಲೆ ಅದರ ಅರ್ಥ ತಿಳಿಯಲು ನಾಲ್ಕಾರು ಮೈಲಿಗಲ್ಲು ಸಾಕು. ಜಾವಾಸ್ಕ್ರಿಪ್ಟಿನ ಐದನೇ ಆವೃತ್ತಿ 2009ರ ಡಿಸೆಂಬರಿನದು. ಲೆಟ್, ಕಾನ್ಸ್ಟ್, ಬಾಣದ ಫಂಕ್ಷನ್, ಪ್ರಾಮಿಸ್, ಮಾಡ್ಯೂಲ್ ಎಲ್ಲ ಒಟ್ಟಿಗೆ ಬಂದದ್ದು 2015ರ ಜೂನಿನಲ್ಲಿ; ಆಮೇಲೆ ಪ್ರತಿ ವರ್ಷ ಒಂದೊಂದು ಆವೃತ್ತಿ. ಅಸಿಂಕ್–ಅವೇಟ್ 2017ರದು, ಪ್ರಶ್ನಾರ್ಥಕ ಚಿಹ್ನೆಯ ನಂತರ ಚುಕ್ಕಿ ಇಡುವ ಆಪ್ಷನಲ್ ಚೈನಿಂಗ್ 2020ರದು. ಪುಟವನ್ನು ಸಾಲು–ಕಾಲಮ್ಮುಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ 2017ರ ಮಾರ್ಚಿನಲ್ಲೇ ಬಂತು. ಅದಕ್ಕಿಂತ ಹಿಂದಿನ ಎಷ್ಟೋ ಪುಸ್ತಕಗಳಲ್ಲಿ ಮೂರು ಕಾಲಮ್ಮಿನ ಪುಟ ಕಟ್ಟುವುದೆಂದರೆ ಪೆಟ್ಟಿಗೆಗಳನ್ನು ಎಡಬಲಕ್ಕೆ ಸರಿಸುವ ಫ್ಲೋಟುಗಳ ಸರ್ಕಸ್ಸು. ಬ್ರೌಸರ್ ಬೆಂಬಲದ ಪಟ್ಟಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಒಂದು ಕಾಲಂ ಇದ್ದರೆ ಮರದ ಕಾಂಡದ ಉಂಗುರ ಎಣಿಸಿದಂತೆ ವಯಸ್ಸು ಹೇಳಬಹುದು. ಅದರ ಕೊನೆಯ ಆವೃತ್ತಿ 11ನ್ನೇ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿಲ್ಲಿಸಿತು. ಬೆಂಬಲದ ಪಟ್ಟಿಯನ್ನು ಅಚ್ಚು ಹಾಕುವುದೇ ವ್ಯರ್ಥ ಎನ್ನುವುದು ನನ್ನ ಅಭಿಪ್ರಾಯ. ಶಾಯಿ ಒಣಗುವುದರೊಳಗೆ ಹಳತಾಗುತ್ತದೆ.

ಮುಂದೆ ಹಿಂದಿನಿಂದ ಶುರುಮಾಡಬೇಕು, ಅಂದರೆ ಪದಸೂಚಿಯಿಂದ. ರೆಫರೆನ್ಸ್ ಪುಸ್ತಕದ ಬಾಗಿಲು ಪರಿವಿಡಿಯಲ್ಲ, ಪದಸೂಚಿ. ಅದರ ಮೊದಲ ಪುಟದಲ್ಲಿ ಅಕ್ಷರಗಳಿಗಿಂತ ಮುಂಚೆ ಚಿಹ್ನೆಗಳ ಭಾಗ ಇದೆಯೇ ನೋಡಿ: ಎರಡು ಪ್ರಶ್ನಾರ್ಥಕ ಚಿಹ್ನೆ, ಮೂರು ಚುಕ್ಕಿ, ಮೂರು ಸಮಚಿಹ್ನೆ, ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಎರಡು ಕೋಲನ್. ಹೆಸರು ಗೊತ್ತಿಲ್ಲದ ಚಿಹ್ನೆಯನ್ನು ಸರ್ಚ್ ಎಂಜಿನ್ನಿನಲ್ಲಿ ಹುಡುಕುವುದು ಕಷ್ಟ. ಪುಸ್ತಕ ಇಂಟರ್ನೆಟ್ಟಿಗಿಂತ ನಿಜವಾಗಿ ಮೇಲುಗೈ ಸಾಧಿಸುವ ಜಾಗ ಇದು. ಎರಡನೆಯದಾಗಿ, ಒಂದು ಪದದ ಮುಂದೆ 34, 71, 102, 155, 156, 210, 288, 340 ಎಂದು ಪುಟಸಂಖ್ಯೆಗಳ ರೈಲೇ ಇದ್ದು ಉಪಶೀರ್ಷಿಕೆ ಒಂದೂ ಇಲ್ಲದಿದ್ದರೆ, ಆ ಪದಸೂಚಿಯನ್ನು ಯಂತ್ರ ಮಾಡಿದೆ, ಮನುಷ್ಯರು ಕೂತು ಯೋಚಿಸಿಲ್ಲ. ಎಂಟು ಪುಟ ತಿರುವಿ ನೋಡುವ ತಾಳ್ಮೆ ಯಾರಿಗಿರುತ್ತದೆ? ಮೂರನೆಯದು, ಸಮಸ್ಯೆಯ ಹೆಸರಿನಲ್ಲಿ ಹುಡುಕಿ. "ಕುಕಿ" ಎಲ್ಲದರಲ್ಲೂ ಇರುತ್ತದೆ. "ಎರರ್" ಎಂಬುದರ ಅಡಿಯಲ್ಲಿ ಏನೇನಿದೆ? ಒಂದು ಪ್ರಶ್ನೆಗೆ ಪದಸೂಚಿಯಿಂದ ಉತ್ತರ ತಲುಪಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ಪುಸ್ತಕ ಮೇಜಿನ ಮೇಲಲ್ಲ, ಕಪಾಟಿನಲ್ಲಿ ಇರುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರೂ ಮಾದರಿ ಪುಟಗಳಲ್ಲಿ ಮುನ್ನುಡಿ ಓದುವ ಬದಲು ಪದಸೂಚಿ ಕೊಟ್ಟಿದ್ದಾರೆಯೇ ನೋಡುವುದು ಒಳಿತು.

ಈಗ ಪ್ರಶ್ನೆಗಳು. ನನ್ನ ಮೊದಲ ಆಯ್ಕೆ ಸರ್ವರಿನಿಂದ ಡೇಟಾ ತರಿಸುವ ಜಾವಾಸ್ಕ್ರಿಪ್ಟಿನ ಫೆಚ್. ಸರ್ವರ್ 404 ಅಥವಾ 500 ಎಂದು ಉತ್ತರಿಸಿದರೂ ಫೆಚ್ ಕೊಡುವ ಪ್ರಾಮಿಸ್ (ಮುಂದೆ ಬರುವ ಉತ್ತರಕ್ಕೆ ಕೊಟ್ಟ ಚೀಟಿ) ರಿಜೆಕ್ಟ್ ಆಗುವುದಿಲ್ಲ, ಅಂದರೆ ಸೋತಿತೆಂದು ಲೆಕ್ಕವಿಲ್ಲ. ನೆಟ್‌ವರ್ಕ್ ಕೈಕೊಟ್ಟರೆ ಅಥವಾ ಬೇರೆ ಡೊಮೇನಿನ ಕೋರಿಕೆಯನ್ನು ಬ್ರೌಸರ್ ತಡೆದರೆ, ಅಂಥ ಸಂದರ್ಭಗಳಲ್ಲಿ ಮಾತ್ರ ಆಗುತ್ತದೆ. ಸರ್ವರ್ "ಇಲ್ಲ" ಎಂದು ಹೇಳಿದ್ದೂ ಫೆಚ್ ಲೆಕ್ಕದಲ್ಲಿ ಯಶಸ್ವಿ ಸಂಭಾಷಣೆಯೇ. ಹಾಗಾಗಿ ಎರರ್ ಹಿಡಿಯುವ ಕ್ಯಾಚ್ ಬರೆದು ನಿಶ್ಚಿಂತೆಯಿಂದಿದ್ದರೆ ಸಾಲದು. ಉತ್ತರದ ಓಕೆ ಎಂಬ ಗುಣವನ್ನು ನಾವೇ ನೋಡಬೇಕು, ಅದು 200ರಿಂದ 299ರ ನಡುವಿನ ಸ್ಟೇಟಸ್ಸಿಗೆ ಮಾತ್ರ ನಿಜವಾಗಿರುತ್ತದೆ. ನೋಡದೆ ನೇರ ಜೇಸನ್‌ಗೆ (ಡೇಟಾ ಸಾಗಿಸುವ ಪಠ್ಯರೂಪ) ಬದಲಿಸಲು ಹೋದರೆ, ಸರ್ವರ್ ಕಳಿಸಿದ ಎಚ್‌ಟಿಎಂಎಲ್ ಎರರ್ ಪುಟದ ಮೊದಲ ಚಿಹ್ನೆಗೇ ಎಡವಿ "< ಎಂಬ ಟೋಕನ್ ನಿರೀಕ್ಷಿಸಿರಲಿಲ್ಲ" ಎಂಬ ಅರ್ಥದ ಎರರ್ ಬರುತ್ತದೆ. ಆಗ ಎಲ್ಲರೂ ಜೇಸನ್ನಿನಲ್ಲಿ ತಪ್ಪು ಹುಡುಕಲು ಕೂರುತ್ತಾರೆ, ತಪ್ಪು ಇರುವುದು ಬೇರೆಡೆ. ಪುಸ್ತಕದ ಉದಾಹರಣೆಯಲ್ಲಿ ಓಕೆ ಪರೀಕ್ಷೆ ಇದೆಯೇ? ಉತ್ತರದ ದೇಹವನ್ನು ಒಂದೇ ಸಲ ಓದಬಹುದು, ಎರಡನೇ ಸಲ ಕೇಳಿದರೆ ಎರರ್ ಎಂದು ಹೇಳಿದೆಯೇ? ಫೆಚ್‌ಗೆ ತಾನಾಗಿ ಕಾಲಮಿತಿ ಹಾಕಿಕೊಳ್ಳುವ ಅಭ್ಯಾಸವಿಲ್ಲ, ಕೋರಿಕೆಯನ್ನು ನಿಲ್ಲಿಸುವ ಅಬಾರ್ಟ್ ಸಿಗ್ನಲ್ ಕೊಡಬೇಕು ಎಂದಿದೆಯೇ? ಮೂರರಲ್ಲಿ ಮೂರೂ ಇದ್ದರೆ ಬರೆದವರು ಕೆಲಸ ಮಾಡಿ ಬರೆದಿದ್ದಾರೆ. ಒಂದೂ ಇಲ್ಲದಿದ್ದರೆ ಪಟ್ಟಿ ನೋಡಿ ಬರೆದಿದ್ದಾರೆ.

ಎರಡನೆಯದು ಕ್ರಮವಾಗಿ ಜೋಡಿಸುವ ಸಾರ್ಟ್. ರೆಫರೆನ್ಸ್ ಪುಸ್ತಕದ ಒಂದು ನಮೂದು ಹೇಗಿರಬೇಕೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. 80, 9, 700, 40 ಇರುವ ಅರೇಯನ್ನು (ಪಟ್ಟಿಯನ್ನು) ಏನನ್ನೂ ಕೊಡದೆ ಸಾರ್ಟ್ ಮಾಡಿದರೆ ಸಿಗುವುದು 40, 700, 80, 9. ಜಾವಾಸ್ಕ್ರಿಪ್ಟ್ ಅಂಕಿಗಳನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿಕೊಂಡು ಅಕ್ಷರಕ್ರಮದಲ್ಲಿ ಹೋಲಿಸುತ್ತದೆ, 7 ಎಂಬ ಅಕ್ಷರ 8ಕ್ಕಿಂತ ಮೊದಲು. ಇದನ್ನು ಹೇಳದ ಪುಸ್ತಕ ಬಹಳ ಕಡಿಮೆ. ಅದರ ಮುಂದಿನದನ್ನು ನೋಡಬೇಕು. ಸಾರ್ಟ್ ಮೂಲ ಅರೇಯನ್ನೇ ಬದಲಿಸುತ್ತದೆ ಮತ್ತು ಅದನ್ನೇ ಹಿಂದಿರುಗಿಸುತ್ತದೆ. ಹಿಂದಿರುಗಿಸುವುದರಿಂದ ಹೊಸ ಪ್ರತಿ ಸಿಕ್ಕಿತೆಂದು ಮೋಸಹೋಗುವವರು ಬಹಳ. ಪ್ರತಿಯೇ ಬೇಕಿದ್ದರೆ 2023ರ ಆವೃತ್ತಿಯ ಟು-ಸಾರ್ಟೆಡ್ ಇದೆ. ಹೋಲಿಸುವ ಫಂಕ್ಷನ್ ನಿಜ–ಸುಳ್ಳು ಕೊಟ್ಟರೆ ಸಾಲದು, ಋಣ, ಸೊನ್ನೆ, ಧನ ಸಂಖ್ಯೆ ಕೊಡಬೇಕು. ಸಮನಾದ ಎರಡು ವಸ್ತುಗಳ ಮೂಲ ಕ್ರಮ ಉಳಿಯಲೇಬೇಕು ಎಂಬ ನಿಯಮ ಬಂದದ್ದು 2019ರಲ್ಲಿ. ಅದಕ್ಕೂ ಹಿಂದಿನ ಪುಸ್ತಕ "ಉಳಿಯುತ್ತದೆಂಬ ಖಾತ್ರಿ ಇಲ್ಲ" ಎಂದಿದ್ದರೆ ಅದು ಆಗಿನ ಕಾಲಕ್ಕೆ ಸರಿ, ಲೇಖಕರಿಗೆ ಶಹಬ್ಬಾಸ್ ಹೇಳಬೇಕು. ಒಂದು ನಮೂದಿನಲ್ಲಿ ಏನು ಕೊಡಬೇಕು, ಏನು ಸಿಗುತ್ತದೆ, ಏನು ಬದಲಾಗುತ್ತದೆ, ಯಾವಾಗ ಎಡವುತ್ತದೆ, ಯಾವ ಆವೃತ್ತಿಯಿಂದ ಇದೆ ಎಂಬ ಐದೂ ಇರಬೇಕು. ಉದಾಹರಣೆಯ ಪಕ್ಕದಲ್ಲೇ ಅದರ ಔಟ್‌ಪುಟ್ ಅಚ್ಚಾಗಿರಬೇಕು. ಔಟ್‌ಪುಟ್ ಇಲ್ಲದ ಉದಾಹರಣೆ ಉಪ್ಪಿಲ್ಲದ ಸಾರಿನಂತೆ.

ಮೂರನೆಯದು ಹಣ ಮತ್ತು ಅಂಕಿ, ನಮ್ಮ ಕಡೆ ಜಿಎಸ್‌ಟಿ ಬಿಲ್ಲು ಬರೆಯುವ ಯಾರಿಗೂ ಇದು ತಪ್ಪಿದ್ದಲ್ಲ. 0.1ಕ್ಕೆ 0.2 ಕೂಡಿದರೆ 0.30000000000000004 ಬರುವುದನ್ನು ಎಲ್ಲರೂ ತಮಾಷೆಗೆ ಉಲ್ಲೇಖಿಸುತ್ತಾರೆ. 1.005ನ್ನು ಟು-ಫಿಕ್ಸ್ಡ್‌ನಿಂದ ಎರಡು ದಶಮಾಂಶಕ್ಕೆ ತಂದರೆ 1.01 ಬರದೆ 1.00 ಬರುತ್ತದೆ ಎನ್ನುವುದನ್ನು ಹೇಳುವ ಪುಸ್ತಕ ಕಡಿಮೆ. 1.005 ಒಳಗೆ ಶೇಖರವಾಗುವುದೇ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ, ಆದ್ದರಿಂದ ಕೆಳಕ್ಕೆ ಇಳಿಯುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡು ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ ಎಂಬ ಸಲಹೆ ಪುಸ್ತಕದಲ್ಲಿದ್ದರೆ ಒಂದು ಅಂಕ ಹೆಚ್ಚು. ಇನ್ನೊಂದು, 9007199254740991ಕ್ಕಿಂತ ದೊಡ್ಡ ಪೂರ್ಣಾಂಕವನ್ನು ಸಾಮಾನ್ಯ ನಂಬರ್ ನಿಖರವಾಗಿ ಹಿಡಿಯಲಾರದು. ಇದು 16 ಅಂಕೆಯ ಸಂಖ್ಯೆ. ನಮ್ಮ ಬ್ಯಾಂಕ್ ಖಾತೆ ಸಂಖ್ಯೆ 18 ಅಂಕೆಯವರೆಗೂ ಇರುತ್ತದೆ. ಖಾತೆ ಸಂಖ್ಯೆಯನ್ನು ನಂಬರ್ ಮಾಡಿದರೆ ಕೊನೆಯ ಅಂಕೆಗಳು ಸದ್ದಿಲ್ಲದೆ ಬದಲಾಗುತ್ತವೆ, ಮೊದಲಿಗಿರುವ ಸೊನ್ನೆಗಳು ಮಾಯ. ಲಕ್ಷ–ಕೋಟಿ ಅಲ್ಪವಿರಾಮಕ್ಕಾಗಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಹೊಸೆಯುವುದನ್ನು ಕಲಿಸುತ್ತಿದ್ದರೆ ಆ ಪುಟ ಹಳತು. ಇಂಟ್ಲ್ ನಂಬರ್ ಫಾರ್ಮ್ಯಾಟಿಗೆ ಭಾರತದ ಇಂಗ್ಲಿಷ್ ಲೊಕೇಲ್ ಕೊಟ್ಟರೆ 1234567 ತಾನಾಗಿ 12,34,567 ಆಗುತ್ತದೆ.

ದಿನಾಂಕದ್ದು ಚಿಕ್ಕ ಪ್ರಶ್ನೆ, ಆದರೆ ಜಾಣ ಪ್ರಶ್ನೆ. 2024-08-15 ಎಂಬ ಸ್ಟ್ರಿಂಗನ್ನು ಡೇಟ್‌ಗೆ ಕೊಟ್ಟರೆ ಅದು ಯುಟಿಸಿಯ (ಜಾಗತಿಕ ಪ್ರಮಾಣ ಸಮಯದ) ನಡುರಾತ್ರಿ. ಬೆಂಗಳೂರಿನಲ್ಲಿ ಅದು 15ರ ಬೆಳಗಿನ 5:30 ಆಗುವುದರಿಂದ ಇಲ್ಲಿ ಕೂತು ಪರೀಕ್ಷಿಸಿದವರಿಗೆ ತಪ್ಪು ಕಾಣುವುದೇ ಇಲ್ಲ. ನ್ಯೂಜೆರ್ಸಿಯಲ್ಲಿರುವ ಮಗಳು ಅದೇ ಪುಟ ತೆರೆದರೆ 14ರ ರಾತ್ರಿ 8 ಗಂಟೆ, ದಿನಾಂಕ 14 ಎಂದು ತೋರಿಸುತ್ತದೆ. ಸ್ಟ್ರಿಂಗಿನ ಕೊನೆಗೆ ಸಮಯವನ್ನೂ ಸೇರಿಸಿದರೆ ಅದೇ ಡೇಟ್ ಸ್ಥಳೀಯ ಸಮಯ ಎಂದು ಓದಿಕೊಳ್ಳುತ್ತದೆ. ಈ ತಾರತಮ್ಯವನ್ನು ಪುಸ್ತಕ ಒಂದು ಸಾಲಿನಲ್ಲಾದರೂ ಹೇಳಬೇಕು. ತಿಂಗಳು ಸೊನ್ನೆಯಿಂದ ಶುರು ಎಂಬುದನ್ನು ಎಲ್ಲ ಪುಸ್ತಕವೂ ಹೇಳುತ್ತದೆ, ಅದಕ್ಕೆ ಅಂಕವಿಲ್ಲ.

ಈಗ ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಎಡವುವ ಜಾಗ, ನಮಗೆ ತುಂಬಾ ಬೇಕಾದ ಜಾಗ: ಕನ್ನಡ ಪಠ್ಯ. "ಕನ್ನಡ" ಎಂಬ ಪದದಲ್ಲಿ ನಮ್ಮ ಎಣಿಕೆಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟಿನ ಲೆಂತ್ ಕೇಳಿದರೆ 5, ಏಕೆಂದರೆ ಕ, ನ, ಒತ್ತಕ್ಷರ ಮಾಡುವ ಹಲಂತದ ಗುರುತು, ನ, ಡ ಎಂದು ಐದು ಕೋಡ್ ಪಾಯಿಂಟುಗಳು (ಯುನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿರುವ ಘಟಕಗಳು). ಪಿಎಚ್‌ಪಿಯ ಎಸ್‌ಟಿಆರ್‌ಲೆನ್ ಕೇಳಿದರೆ 15, ಅದು ಎಣಿಸುವುದು ಬೈಟುಗಳನ್ನು. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೂ 3 ಬೈಟು. ಇನ್ನು ಸುದ್ದಿಯ ಮೊದಲ ಸಾಲನ್ನು ಪಿಎಚ್‌ಪಿಯ ಸಬ್‌ಎಸ್‌ಟಿಆರ್‌ನಿಂದ 10ಕ್ಕೆ ಕತ್ತರಿಸಿದರೆ ಮೂರು ಕೋಡ್ ಪಾಯಿಂಟು ಮುಗಿದು ನಾಲ್ಕನೆಯದರ ಒಂದು ಬೈಟು ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ. ಅದನ್ನೇ ಜೇಸನ್ ಮಾಡಲು ಹೋದರೆ ಜೇಸನ್ ಎನ್‌ಕೋಡ್ ಏನನ್ನೂ ಹೇಳದೆ ಫಾಲ್ಸ್ ಹಿಂದಿರುಗಿಸುತ್ತದೆ, ಮೊಬೈಲ್ ಆಪ್‌ಗೆ ಖಾಲಿ ಉತ್ತರ ಹೋಗುತ್ತದೆ. ಎಂಬಿ ಎಂಬ ಮುನ್ನೊತ್ತಿರುವ ಫಂಕ್ಷನ್ ಬಳಸಿದರೆ ಬೈಟಿನ ತೊಂದರೆ ತಪ್ಪೀತು, ಆದರೆ ಮೂರಕ್ಕೆ ಕತ್ತರಿಸಿದರೆ "ಕನ್" ಎಂದು ಒತ್ತಕ್ಷರ ಮುರಿದು ನಿಲ್ಲುತ್ತದೆ. ಬರೀ ತೋರಿಸಲಿಕ್ಕಾಗಿ ಕತ್ತರಿಸುವುದಾದರೆ ಸರ್ವರಿನಲ್ಲಿ ಕೈ ಹಾಕದೆ ಸಿಎಸ್‌ಎಸ್‌ನ ಎಲಿಪ್ಸಿಸ್‌ಗೆ ಬಿಡುವುದು ಜಾಣತನ. ಅದಕ್ಕೆ ಓವರ್‌ಫ್ಲೋ ಹಿಡನ್, ಸಾಲು ಮುರಿಯದಂತೆ ನೋರ್‍ಯಾಪ್ ಎರಡೂ ಜೊತೆಗಿರಬೇಕು. ಅಂದ ಹಾಗೆ, ಶೀರ್ಷಿಕೆಗೆ ಲೈನ್-ಹೈಟ್ 1 ಕೊಡಿ ಎಂಬ ಇಂಗ್ಲಿಷ್ ಪುಸ್ತಕದ ಸಲಹೆಯನ್ನು ಓವರ್‌ಫ್ಲೋ ಹಿಡನ್ ಜೊತೆ ಕನ್ನಡಕ್ಕೆ ಹಚ್ಚಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ.

ಡೇಟಾಬೇಸಿನಲ್ಲೂ ಇದೇ. ಮೈಎಸ್‌ಕ್ಯೂಎಲ್ ಯುಟಿಎಫ್8 ಎಂದು ಕರೆಯುತ್ತಿದ್ದ ಕ್ಯಾರೆಕ್ಟರ್ ಸೆಟ್ ಅಕ್ಷರಕ್ಕೆ 3 ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರೇ ಸಾಕಾದ್ದರಿಂದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ; ಯಾರೋ ಕಾಮೆಂಟಿನ ಕೊನೆಗೆ ಒಂದು ಇಮೋಜಿ ಹಾಕಿದ ದಿನ ಅದು 4 ಬೈಟು, ಸಾಲು ಸೇರುವುದಿಲ್ಲ. ಪೂರ್ಣ ಯುನಿಕೋಡಿಗೆ ಯುಟಿಎಫ್8ಎಂಬಿ4 ಬೇಕು, 2018ರಲ್ಲಿ ಬಂದ 8.0 ಆವೃತ್ತಿಯಿಂದ ಅದೇ ಡೀಫಾಲ್ಟ್. ಪುಸ್ತಕದ ಪದಸೂಚಿಯಲ್ಲಿ ಯುನಿಕೋಡಿಗೆ ಒಂದೇ ಪುಟಸಂಖ್ಯೆ ಇದ್ದು, ಆ ಪುಟದಲ್ಲಿ "ಇತರ ಭಾಷೆಗಳಿಗೂ ಬೆಂಬಲವಿದೆ" ಎಂಬ ಸಮಾಧಾನದ ವಾಕ್ಯ ಮಾತ್ರ ಇದ್ದರೆ, ಕನ್ನಡ ತಾಣ ಕಟ್ಟುವವರಿಗೆ ಆ ಪುಸ್ತಕದಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಸಿಎಸ್‌ಎಸ್‌ಗೆ ಒಂದೇ ಪ್ರಶ್ನೆ ಸಾಕು: ಸ್ಕ್ರಾಲ್ ಮಾಡುವಾಗ ಪರದೆಯ ಅಂಚಿಗೆ ಅಂಟಿ ನಿಲ್ಲಬೇಕಾದ ಪೊಸಿಷನ್ ಸ್ಟಿಕಿ ಯಾಕೆ ಅಂಟಿಕೊಳ್ಳುವುದಿಲ್ಲ? ಮೇಲಿನಿಂದ ಎಷ್ಟು ದೂರ ಎಂಬ ಟಾಪ್ ಮೌಲ್ಯ ಕೊಡದಿದ್ದರೆ ಅಂಟುವುದಿಲ್ಲ. ಮೇಲಿನ ಯಾವುದಾದರೂ ಪೂರ್ವಜ ಎಲಿಮೆಂಟಿಗೆ ಓವರ್‌ಫ್ಲೋ ಹಿಡನ್ ಇದ್ದರೆ ಸ್ಟಿಕಿ ಅದಕ್ಕೆ ಅಂಟಿಕೊಳ್ಳಲು ಹೋಗುತ್ತದೆ, ಅದು ಸ್ಕ್ರಾಲ್ ಆಗದ ಕಾರಣ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಹೆತ್ತ ಎಲಿಮೆಂಟಿನ ಎತ್ತರ ಸ್ಟಿಕಿಯಷ್ಟೇ ಇದ್ದರೆ ಜಾರಲು ಜಾಗವೇ ಇಲ್ಲ. ಪಕ್ಕದ ಪಟ್ಟಿಯನ್ನು ಫ್ಲೆಕ್ಸ್ ಅಥವಾ ಗ್ರಿಡ್‌ನಲ್ಲಿಟ್ಟರೆ ಅದು ಪೂರ್ತಿ ಎತ್ತರಕ್ಕೆ ಹಿಗ್ಗಿಕೊಂಡಿರುತ್ತದೆ, ಮತ್ತೆ ಜಾಗವಿಲ್ಲ. ಅಲೈನ್-ಸೆಲ್ಫ್‌ಗೆ ಸ್ಟಾರ್ಟ್ ಕೊಟ್ಟರೆ ಸರಿಹೋಗುತ್ತದೆ. ಈ ನಾಲ್ಕರಲ್ಲಿ ಎರಡನ್ನಾದರೂ ಹೇಳಿದ ಪುಸ್ತಕ ಲೇಔಟಿನ ಬಗ್ಗೆ ಬಾಕಿಯದನ್ನೂ ಚೆನ್ನಾಗಿಯೇ ಹೇಳಿರುತ್ತದೆ. ಯಾವುದು ಮೇಲೆ ಎಂದು ಹೇಳುವ ಝಡ್-ಇಂಡೆಕ್ಸ್ 9999 ಕೊಟ್ಟರೂ ಪೆಟ್ಟಿಗೆ ಮೇಲೆ ಬರದಿರುವುದಕ್ಕೆ "ಇನ್ನೂ ದೊಡ್ಡ ಸಂಖ್ಯೆ ಕೊಡಿ" ಎನ್ನುವ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ಮೇಲಿನ ಎಲಿಮೆಂಟಿಗೆ ಒಪಾಸಿಟಿಯೋ ಟ್ರಾನ್ಸ್‌ಫಾರ್ಮೋ ಇದ್ದು ಪ್ರತ್ಯೇಕ ಸ್ಟ್ಯಾಕಿಂಗ್ ಕಾಂಟೆಕ್ಸ್ಟ್ (ಮೇಲೆ–ಕೆಳಗಿನ ಲೆಕ್ಕ ತನ್ನೊಳಗೇ ಮುಗಿಸುವ ಗುಂಪು) ಆಗಿದ್ದರೆ ಒಳಗಿನ ಸಂಖ್ಯೆ ಎಷ್ಟೇ ದೊಡ್ಡದಾದರೂ ಹೊರಗೆ ಲೆಕ್ಕಕ್ಕಿಲ್ಲ.

ಎಚ್‌ಟಿಎಂಎಲ್ ಫಾರ್ಮಿನ ಅಧ್ಯಾಯದಲ್ಲಿ ಇನ್‌ಪುಟ್ ಟೈಪ್ ನಂಬರ್ ಹುಡುಕಿ. ಮೊಬೈಲ್ ಸಂಖ್ಯೆ, ಪಿನ್‌ಕೋಡ್, ಆಧಾರ್‌ಗೆ ಅದನ್ನೇ ಬಳಸಿ ಉದಾಹರಣೆ ಕೊಟ್ಟಿದ್ದರೆ ಲೇಖಕರು ಆ ಫಾರ್ಮನ್ನು ತುಂಬಿ ನೋಡಿಲ್ಲ. ನಂಬರ್‌ಗೆ ಮ್ಯಾಕ್ಸ್‌ಲೆಂತ್ ಅನ್ವಯಿಸುವುದಿಲ್ಲ, ಪ್ಯಾಟರ್ನ್ ಕೂಡ ಇಲ್ಲ. ಆರು ಅಂಕೆಗೆ ನಿಲ್ಲಿಸಲು ಹೊರಟದ್ದು ನಿಲ್ಲುವುದಿಲ್ಲ. ಅವೆಲ್ಲ ಎಣಿಕೆಯ ಸಂಖ್ಯೆಗಳಲ್ಲ, ಅಂಕೆಗಳಿಂದ ಬರೆದ ಹೆಸರುಗಳು. ಟೈಪ್ ಟೆಕ್ಸ್ಟ್ ಇಟ್ಟು ಇನ್‌ಪುಟ್‌ಮೋಡ್‌ಗೆ ನ್ಯೂಮರಿಕ್ ಕೊಟ್ಟರೆ ಫೋನಿನಲ್ಲಿ ಅಂಕೆಯ ಕೀಲಿಮಣೆಯೂ ಬರುತ್ತದೆ, ಮಿತಿಯೂ ನಡೆಯುತ್ತದೆ.

ಸರ್ವರ್ ಬದಿಗೆ ಬಂದರೆ ಅಂಕ ಕೊಡುವ ಪ್ರಶ್ನೆ ಇಲ್ಲ, ಪಾಸು–ಫೇಲು ಅಷ್ಟೇ. ಪಿಎಚ್‌ಪಿ ಪುಸ್ತಕದಲ್ಲಿ ಲಾಗಿನ್ ಉದಾಹರಣೆ ತೆಗೆಯಿರಿ. ಬಳಕೆದಾರರು ತುಂಬಿದ ಹೆಸರನ್ನು ಚುಕ್ಕಿ ಇಟ್ಟು ಡೇಟಾಬೇಸಿಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಸಾಲಿಗೆ ಅಂಟಿಸಿದ್ದರೆ ಫೇಲು. ಆದೇಶವನ್ನೂ ತುಂಬಿದ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬೇಕು. ಪಾಸ್‌ವರ್ಡನ್ನು ಎಂಡಿ5 ಮಾಡಿ ಇಟ್ಟಿದ್ದರೆ ಫೇಲು. ಅದು ವೇಗಕ್ಕಾಗಿ ಮಾಡಿದ ಹ್ಯಾಶ್ (ಪಠ್ಯವನ್ನು ಹಿಂದಿರುಗಿಸಲಾಗದ ಗುರುತಾಗಿ ಬದಲಿಸುವ ವಿಧಾನ), ಕದ್ದವರಿಗೂ ಅದೇ ವೇಗದಲ್ಲಿ ಊಹಿಸಿ ನೋಡಲು ಅನುಕೂಲ. 2013ರ ಪಿಎಚ್‌ಪಿ 5.5ರಿಂದಲೇ ಪಾಸ್‌ವರ್ಡ್ ಹ್ಯಾಶ್ ಎಂಬ ಫಂಕ್ಷನ್ ಇದೆ, ಅದರ ಫಲಿತಾಂಶಕ್ಕೆ ಕಾಲಂನಲ್ಲಿ 255 ಅಕ್ಷರ ಬಿಡಬೇಕು. 32 ಬಿಟ್ಟರೆ ಹ್ಯಾಶ್ ತುಂಡಾಗಿ ಯಾರಿಗೂ ಲಾಗಿನ್ ಆಗುವುದಿಲ್ಲ. ಫಾರ್ಮಿನ ಆಕ್ಷನ್ನಿಗೆ ಈಗಿನ ಪುಟದ ವಿಳಾಸ ಹೇಳುವ ಪಿಎಚ್‌ಪಿ ಸೆಲ್ಫ್ ಮೌಲ್ಯವನ್ನು ಹಾಗೇ ಎಕೋ ಮಾಡುವುದು ಹಳೆಯ ಪುಸ್ತಕಗಳ ಮಾಮೂಲಿ ಸಾಲು. ವಿಳಾಸದ ಬಾಲಕ್ಕೆ ಸ್ಕ್ರಿಪ್ಟ್ ಅಂಟಿಸಿದರೆ ಅದೂ ಪುಟದಲ್ಲಿ ಅಚ್ಚಾಗುತ್ತದೆ, ಆದ್ದರಿಂದ ಅದೂ ಫೇಲು. ಮೈಎಸ್‌ಕ್ಯೂಎಲ್ ಎಂಬ ಮುನ್ನೊತ್ತಿನ ಹಳೆಯ ಫಂಕ್ಷನ್ನುಗಳು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಇಲ್ಲವೇ ಇಲ್ಲ. ಅವನ್ನು ಕಲಿಸುವ ಪುಸ್ತಕದ ಕೋಡು ಅಪಾಯಕಾರಿಯಷ್ಟೇ ಅಲ್ಲ, ಓಡುವುದೂ ಇಲ್ಲ. ಸೂಕ್ಷ್ಮವಾದ ಇನ್ನೊಂದು: ಸೊನ್ನೆಯನ್ನು ಅಂಕೆಯಲ್ಲದ ಸ್ಟ್ರಿಂಗಿಗೆ ಎರಡು ಸಮಚಿಹ್ನೆಯಿಂದ ಹೋಲಿಸಿದರೆ ಪಿಎಚ್‌ಪಿ 7ರವರೆಗೆ ನಿಜ, 2020ರ ನವೆಂಬರಿನ 8.0ರಿಂದ ಸುಳ್ಳು. ಹೋಲಿಕೆಯ ಕೋಷ್ಟಕ ಇರುವ ಪುಸ್ತಕದಲ್ಲಿ ಈ ಒಂದು ಮನೆಯನ್ನು ನೋಡಿದರೆ ಯಾವ ಕಾಲದ್ದೆಂದು ತಿಳಿದುಹೋಗುತ್ತದೆ.

ಇ-ಪುಸ್ತಕ ಕೊಳ್ಳುವವರು ಇನ್ನೊಂದು ಮಾಡಿ ನೋಡಬೇಕು. ಮಾದರಿ ಪುಟದಿಂದ ಐದು ಸಾಲು ಕೋಡನ್ನು ಕಾಪಿ ಮಾಡಿ ಎಡಿಟರಿನಲ್ಲಿ ಪೇಸ್ಟ್ ಮಾಡಿ. ಪುಸ್ತಕ ವಿನ್ಯಾಸದ ತಂತ್ರಾಂಶ ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿ ಬದಲಿಸಿದ್ದರೆ ಜಾವಾಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ಎರರ್ ಕೊಡುತ್ತದೆ. ಎರಡು ಹೈಫನ್ನು ಒಂದು ಉದ್ದ ಗೆರೆಯಾಗಿದ್ದರೆ ಟರ್ಮಿನಲ್ ಆದೇಶ ನಡೆಯದು. ಕಣ್ಣಿಗೆ ಕಾಣದ ಶತ್ರು ಎಂದರೆ ಮುರಿಯದ ಸ್ಪೇಸ್: ಜಾವಾಸ್ಕ್ರಿಪ್ಟ್ ಅದನ್ನು ಸಹಿಸಿಕೊಳ್ಳುತ್ತದೆ, ಸಿಎಸ್‌ಎಸ್ ಅದನ್ನು ಖಾಲಿ ಜಾಗವೆಂದು ಒಪ್ಪದೆ ಆ ಸಾಲನ್ನೇ ಕೈಬಿಡುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಮುದ್ರಿತ ಪುಸ್ತಕದಲ್ಲಾದರೆ ಉದ್ದ ಸಾಲು ಮುಂದಿನ ಸಾಲಿಗೆ ಹರಿದಾಗ ಅಲ್ಲೊಂದು ಬಾಣದ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದು ಒಂದು ಸಾಲೋ ಎರಡು ಸಾಲೋ ಎಂಬುದನ್ನು ನೀವೇ ಊಹಿಸಬೇಕು.

ಹಳತು ಎಂದ ಮಾತ್ರಕ್ಕೆ ಎಸೆಯಬೇಕಿಲ್ಲ. ಪುಸ್ತಕದ ಬೇರೆ ಬೇರೆ ಅಧ್ಯಾಯಗಳು ಬೇರೆ ಬೇರೆ ವೇಗದಲ್ಲಿ ಹಳಸುತ್ತವೆ. ಎಚ್‌ಟಿಟಿಪಿಯ ನಿಯಮಗಳನ್ನು 1999ರ ದಾಖಲೆಯ ನಂತರ 2014ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ ಹೊಸದಾಗಿ ಬರೆದರು, ಆದರೆ 301 ಎಂದರೆ ಏನು, 304 ಯಾವಾಗ ಬರುತ್ತದೆ, ಗೆಟ್ ಯಾಕೆ ಏನನ್ನೂ ಬದಲಿಸಬಾರದು ಎಂಬುದೆಲ್ಲ ಹಾಗೆಯೇ ಉಳಿದಿದೆ. ರೆಗ್ಯುಲರ್ ಎಕ್ಸ್‌ಪ್ರೆಶನ್, ಎಸ್‌ಕ್ಯೂಎಲ್‌ನ ಜಾಯಿನ್, ಕ್ಲೋಷರ್ ಇವು ಉಪ್ಪಿನಕಾಯಿಯಂತೆ, ವರ್ಷಗಟ್ಟಲೆ ಇಡಬಹುದು. ಫ್ರೇಮ್‌ವರ್ಕುಗಳದು ಹಾಲಿನ ಆಯುಷ್ಯ. ರಿಯಾಕ್ಟ್‌ಗೆ 2019ರ ಫೆಬ್ರವರಿಯಲ್ಲಿ ಹುಕ್ಸ್ ಬಂದ ಮೇಲೆ ಕ್ಲಾಸ್ ಕಾಂಪೊನೆಂಟಿನ ಪುಸ್ತಕಗಳು ಕೋಡು ಓಡಿದರೂ ಓದಲು ಬೇಡವಾದವು. ಆ್ಯಂಗ್ಯುಲರ್‌ಜೆಎಸ್‌ನ ಬೆಂಬಲ 2021ರ ಕೊನೆಗೆ ನಿಂತೇಹೋಯಿತು. ಆದ್ದರಿಂದ ಫ್ರೇಮ್‌ವರ್ಕಿನ ರೆಫರೆನ್ಸನ್ನು ಅಚ್ಚಿನಲ್ಲಿ ಕೊಳ್ಳಬೇಡಿ ಎಂದೇ ಹೇಳುತ್ತೇನೆ, ಅದರ ತಾಣದಲ್ಲೇ ಓದಿ. ವಿಟಿಯು ಪರೀಕ್ಷೆಗೆ ಓದುವವರ ಲೆಕ್ಕ ಬೇರೆ. ಅವರಿಗೆ ಸಿಲಬಸ್ಸಿನಲ್ಲಿ ಹೆಸರಿಸಿದ್ದೇ ಬೇಕು, ಅದರ ಮೇಲೆ ಈ ಪರೀಕ್ಷೆ ಪ್ರಯೋಗಿಸಿ ಮನಸ್ಸು ಕೆಡಿಸಿಕೊಳ್ಳುವುದರಿಂದ ಲಾಭವಿಲ್ಲ.

ಕೊಂಡಾದ ಮೇಲೂ ಒಂದು ಅಳತೆ ಇದೆ. ಪುಸ್ತಕ ತೆರೆದು ಉತ್ತರ ಸಿಕ್ಕಾಗಲೆಲ್ಲ ಹಿಂಬದಿಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಒಂದು ನಿಂತ ಗೀಟು, ತೆರೆದೂ ಸಿಗದಿದ್ದಾಗ ಒಂದು ಅಡ್ಡ ಗೀಟು. ಮೂರು ತಿಂಗಳಿಗೆ ಎಣಿಸಿ. ಗೀಟುಗಳೇ ಇಲ್ಲದಿದ್ದರೆ ಅದನ್ನು ಮಾರಿಬಿಡಬಹುದು. ಅಡ್ಡ ಗೀಟು ಹೆಚ್ಚಿದ್ದರೆ ಯಾವ ವಿಷಯಕ್ಕೆ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆಗಳು ಅವೇ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೊಳ್ಳುವವರಿಗೆ ಒಂದು ಮಾತು ಉಳಿದಿದೆ. ಎಚ್‌ಟಿಟಿಪಿ, ರೆಗ್ಯುಲರ್ ಎಕ್ಸ್‌ಪ್ರೆಶನ್, ಎಸ್‌ಕ್ಯೂಎಲ್ ಪುಸ್ತಕಗಳನ್ನು ಇಸವಿ ನೋಡದೆ ಚೌಕಾಸಿ ಮಾಡಿ. ಉಳಿದವಕ್ಕೆ ಕೊನೆಯ ರಟ್ಟಿನ ಒಳಗೆ ಸಿಡಿಯ ಲಕೋಟೆ ಖಾಲಿಯಿದೆಯೇ, ಮುನ್ನುಡಿಯಲ್ಲಿ ಕೊಟ್ಟ ಕೋಡಿನ ತಾಣ ಇನ್ನೂ ಇದೆಯೇ ಎಂದು ಅಲ್ಲೇ ಫೋನಿನಲ್ಲಿ ನೋಡಿ. ತಾಣ ಸತ್ತಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ನಿಗೆ ಆ ವಿಳಾಸ ಕೊಡಿ, ಪುಟದ ಜೊತೆ ಜಿಪ್ ಕಡತವೂ ಕೆಲವೊಮ್ಮೆ ಉಳಿದಿರುತ್ತದೆ. ತಪ್ಪೋಲೆಯ (ಪುಸ್ತಕದ ತಪ್ಪು–ತಿದ್ದುಪಡಿಗಳ ಪಟ್ಟಿಯ) ಪುಟ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಅಚ್ಚು ಹಾಕಿಸಿ ಪುಸ್ತಕದೊಳಗೆ ಮಡಚಿಡಿ.